ಬನ್ನಿ ಎಂದದ್ದಕ್ಕೆ ಎಂಟು ವರ್ಷ

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಕಾನ್ವೆಂಟಿನ ಹಳೆಯ ವಿದ್ಯಾರ್ಥಿನಿಯರು ಡಿಸೆಂಬರಿನಲ್ಲಿ ಸೇರುತ್ತೇವೆ. ಮೊಣಕಾಲು ಒಪ್ಪಿದವರು ಬರುತ್ತಾರೆ, ಉಳಿದವರು ಫೋನಿನಲ್ಲಿ ಮುಖ ತೋರಿಸುತ್ತಾರೆ. ಈ ಸಲ ಯಾರಿಗೋ ಒಂದು ಬ್ರೈಟ್ ಐಡಿಯಾ ಹೊಳೆಯಿತು: ಹತ್ತನೆಯ ಇಯತ್ತೆಯಲ್ಲಿ ಮಾಡಿದ ಡಿಬೇಟನ್ನೇ ಮತ್ತೆ ಮಾಡೋಣ, ಅಂದು ಯಾರು ಯಾವ ಕಡೆ ಮಾತಾಡಿದ್ದರೋ ಇಂದೂ ಅದೇ ಕಡೆ. ವಿಷಯ, ಲೋಕದಲ್ಲಿ ಶಾಂತಿ ಬೆಳೆಯುತ್ತಿದೆ, ಅದು ಉಳಿಯುತ್ತದೆಯೇ? ನಾನು ಉಳಿಯುತ್ತದೆ ಎನ್ನುವ ಕಡೆ ಇದ್ದೆ. ಫಾರ್ ದ ಮೋಷನ್. ಎರಡು ಜಡೆ, ನೀಲಿ ರಿಬ್ಬನ್, ಮತ್ತು ಅನುಮಾನವೆಂಬುದೇ ಇಲ್ಲದ ಒಂದು ಗಂಟಲು.

ಆ ಭಾಷಣದಲ್ಲಿ ನಾನು ಬರೆದದ್ದು ಇನ್ನೂ ನೆನಪಿದೆ. ಶಾಂತಿ ಎಂಬುದು ಒಂದು ಭವ್ಯ ಕಟ್ಟಡ, ಬುನಾದಿ ಹಾಕಿ ಮುಗಿದಿದೆ, ಇನ್ನು ಮಾಳಿಗೆಯ ಮೇಲೆ ಮಾಳಿಗೆ ಏರಿಸುವುದಷ್ಟೇ ಉಳಿದಿದೆ ಎಂದು ಬರೆದಿದ್ದೆ. ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್ ಅದರ ಮಗ್ಗುಲಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಒಂದು ಸಾಲು ಬರೆದರು. ಈ ಕಟ್ಟಡದ ಕಸ ದಿನಾ ಬೆಳಿಗ್ಗೆ ಯಾರು ಗುಡಿಸುತ್ತಾರೆ, ಮೈ ಚೈಲ್ಡ್? ನಾನು ಅತ್ತೆ. ಇಷ್ಟು ದೊಡ್ಡ ವಿಷಯದಲ್ಲಿ ಕಸಬರಿಗೆ ತಂದರಲ್ಲ ಎಂದು ಸಿಟ್ಟು ಬಂತು. ಸೆಕೆಂಡ್ ಪ್ರೈಜ್ ಎಂದು ತಗಡಿನ ಪೆನ್ಸಿಲ್ ಬಾಕ್ಸ್ ಕೊಟ್ಟರು. ಈಗ ಅದರಲ್ಲಿ ಪಿನ್ನು, ಗುಂಡಿ ಇಡುತ್ತೇನೆ.

ಅದೇ ಭಾಷಣವನ್ನು ಎಪ್ಪತ್ತು ದಾಟಿದ ಮೇಲೆ ಮತ್ತೆ ಬರೆಯಲು ಕುಳಿತರೆ, ನನಗೆ ದೊಡ್ಡ ದೊಡ್ಡ ಸಂಸ್ಥೆಗಳಾಗಲಿ ಒಪ್ಪಂದಗಳಾಗಲಿ ನೆನಪಾಗುತ್ತಿಲ್ಲ. ದೇಶಪಾಂಡೆ ನಗರದ ನಮ್ಮ ಮನೆಯ ಹಿತ್ತಲು ನೆನಪಾಗುತ್ತದೆ. ಹಿತ್ತಲಿನಾಚೆ ಇರುವ ನನ್ನ ವಾರಗಿತ್ತಿ ನೆನಪಾಗುತ್ತಾರೆ. ವಾರಗಿತ್ತಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕಾರ ಎಂದು ಕರೆಯುತ್ತೇನೆ. ನಾವಿಬ್ಬರೂ ಎಂಟು ವರ್ಷ ಮಾತು ಬಿಟ್ಟಿದ್ದೆವು. ಆಮೇಲೆ ಮೂವತ್ತೈದು ವರ್ಷ, ಕೂತು ಲೆಕ್ಕ ಹಾಕಿದರೆ ಒಂದಿಷ್ಟು ಹೆಚ್ಚೇ, ಬಂಗಾರದ ಹಾಗೆ ಇದ್ದೆವು.

ಇದ್ದೆವು ಎಂದು ಬರೆದೆನಲ್ಲ, ಅದೇ ಈಗಿನ ಪೇಚು.

ನಾನು ಮದುವೆಯಾದದ್ದು ತಡವಾಗಿ. ಇಪ್ಪತ್ತೇಳರ ತನಕ ಧಾರವಾಡದಲ್ಲಿ ಸಣ್ಣ ಮಕ್ಕಳಿಗೆ ರೈಮ್ಸ್ ಹೇಳಿಕೊಡುತ್ತಿದ್ದೆ. ಬಂದ ಮನೆ ಹತ್ತಿ ವ್ಯಾಪಾರದ್ದು. ಅಣ್ಣ ತಮ್ಮ ಇಬ್ಬರೂ ಒಂದೇ ಅಂಗಡಿಗೆ ಹೋಗುವವರು, ಮನೆ ಮಾತ್ರ ಎರಡು ಪಾಲು. ಎರಡು ಅಡಿಗೆಮನೆ, ನಡುವೆ ಒಂದೇ ಹಿತ್ತಲು, ಒಂದೇ ನಳ, ಬಟ್ಟೆ ಒಣಹಾಕಲು ಒಂದೇ ತಂತಿ. ಅಕ್ಕನವರು ಅಮ್ಮಿನಬಾವಿಯ ದೊಡ್ಡ ಒಕ್ಕಲುತನದ ಮನೆಯ ಮಗಳು. ನಾಲ್ಕನೆಯ ಇಯತ್ತೆಯವರೆಗೆ ಓದಿದವರು, ಆದರೆ ಹತ್ತಿಯನ್ನು ಬೆರಳಲ್ಲಿ ಒಮ್ಮೆ ಎಳೆದು ನೋಡಿದರೆ ಅದು ಯಾವ ಹೊಲದ್ದು ಎಂದು ಹೇಳಬಲ್ಲವರು. ನನ್ನನ್ನು ಮೊದಲ ದಿನವೇ ಕಾನ್ವೆಂಟ್ ಬಾಯಿ, ಎಂದರೆ ಕಾನ್ವೆಂಟಿನ ಮೇಡಂ, ಎಂದು ಕರೆದರು. ಅದರಲ್ಲಿ ಅರ್ಧ ಚೇಷ್ಟೆ, ಅರ್ಧ ಹೆಮ್ಮೆ ಇತ್ತು.

ನಾನು ಆಡುತ್ತಿದ್ದ ಕನ್ನಡದ ಬಗ್ಗೆಯೂ ಹೇಳಬೇಕು, ಯಾಕೆಂದರೆ ಎಲ್ಲ ಅನಾಹುತ ಅದರಿಂದಲೇ ಆದದ್ದು. ಕಾನ್ವೆಂಟಿನಲ್ಲಿ ನಮಗೆ ಕನ್ನಡ ಕಲಿಸಿದ ಸಿಸ್ಟರ್ ಮಂಗಳೂರು ಕಡೆಯವರು. ಬರ್ರಿ, ಕೂಡ್ರಿ ಎಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅತಿಥಿಗಳು ಬಂದರೆ ಬಲಗೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ಬನ್ನಿ, ಕುಳಿತುಕೊಳ್ಳಿ ಎನ್ನಬೇಕು. ಅದು ಎಟಿಕೆಟ್. ತವರಿನಲ್ಲಿ ನಾನೂ ಎಲ್ಲರ ಹಾಗೇ ಬರ್ರಿ ಎನ್ನುತ್ತಿದ್ದೆ. ಆದರೆ ತುಂಬ ಗೌರವ ತೋರಿಸಬೇಕು ಅನ್ನಿಸಿದಾಗ ಮಾತ್ರ ಬಾಯಿಗೆ ಆ ಇಸ್ತ್ರಿ ಹಾಕಿದ ಕನ್ನಡವೇ ಬರುತ್ತಿತ್ತು.

ಆ ಮನೆಯಲ್ಲಿ ನನ್ನ ಮೊದಲ ದಸರೆ. ನನಗೆ ಆರು ತಿಂಗಳ ಬಸಿರು. ಡಾಕ್ಟರು ಕಂಪ್ಲೀಟ್ ಬೆಡ್ ರೆಸ್ಟ್ ಎಂದು ಹೇಳಿದ್ದರು. ದಸರೆಯ ಸಂಜೆ ನಮ್ಮ ಕಡೆ ಊರಿಗೆ ಊರೇ ಬೀದಿಯಲ್ಲಿರುತ್ತದೆ. ಬನ್ನಿ ಗಿಡದ ಎಲೆ ಹರಿದು ತಂದು, ಸಣ್ಣವರು ದೊಡ್ಡವರ ಕೈಗೆ ಕೊಟ್ಟು ಕಾಲಿಗೆ ಬೀಳುವುದು, ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಎನ್ನುವುದು. ವರ್ಷವಿಡೀ ಜಗಳವಾಡಿದವರೂ ಅವತ್ತು ಕೈ ಚಾಚುತ್ತಾರೆ. ಕೊಡಬೇಕಾದವರು ಸಣ್ಣವರು, ತೆಗೆದುಕೊಳ್ಳಬೇಕಾದವರು ದೊಡ್ಡವರು. ಇದು ನಮ್ಮಲ್ಲಿ ಮೂರು ವರ್ಷದ ಕೂಸಿಗೂ ಗೊತ್ತು. ನಾನು ಮಾತ್ರ ನಾಲ್ಕು ತಲೆದಿಂಬಿಗೆ ಆತು ಕುಳಿತು, ಬೀದಿಯ ಗದ್ದಲ ಕೇಳುತ್ತ, ಒಂದು ಎಲೆಯೂ ಕೈಯಲ್ಲಿಲ್ಲದೆ ಇದ್ದೆ.

ಅಕ್ಕನವರು ಬಂದರು. ಹಿರಿಯರು, ತಾವಾಗಿ ನನ್ನ ಕೋಣೆಯ ಬಾಗಿಲಿಗೆ ಬಂದರು. ಹಸಿರು ಇಳಕಲ್ ಸೀರೆ, ಒಂದು ಕೈಯಲ್ಲಿ ಕರ್ಚಿಕಾಯಿಯ ತಾಟು. ನನಗೆ ಎದೆ ತುಂಬಿ ಬಂತು. ಏಳಲಾಗದವಳು ಕೂತಲ್ಲಿಂದಲೇ ಬಲಗೈ ಚಾಚಿ, ಅಂಗೈ ಮೇಲೆ ಮಾಡಿ, ಅತ್ಯಂತ ಗೌರವದಿಂದ ಅಂದೆ, “ಬನ್ನಿ, ಬನ್ನಿ.”

ಅವರು ನನ್ನ ಕೈ ನೋಡಿದರು. ಮುಖ ನೋಡಿದರು. ತಾಟನ್ನು ಹೊಸ್ತಿಲ ಮೇಲೆ ಇಟ್ಟರು, ತಿರುಗಿ ಹೋದರು. ಆಮೇಲೆ ಎಂಟು ವರ್ಷ ನನ್ನ ಜೋಡಿ ಮಾತಾಡಲಿಲ್ಲ.

ಯಾಕೆ ಎಂದು ನನಗೆ ಗೊತ್ತಾಗಲಿಲ್ಲ ಎಂದರೆ ಈಗ ಯಾರೂ ನಂಬುವುದಿಲ್ಲ. ಎದ್ದು ನಿಂತು ಕಾಲಿಗೆ ಬೀಳಲಿಲ್ಲ ಎಂದು ಸಿಟ್ಟಾದರೇ? ನಾನು ಇಂಗ್ಲಿಷ್ ಕಲಿತವಳೆಂದೇ? ಏನು ತಪ್ಪು ಮಾಡಿದ್ದೇನೆ ಎಂದು ತಿಳಿಯದೆ ಸಾರಿ ಕೇಳುವುದು ಹೇಗೆ ಎಂದು ನನ್ನ ಹಟ. ಕೇಳಿದರೂ ಹೇಳಬಾರದು ಎಂದು ಅವರ ಹಟ. ಗಂಡಸರಿಬ್ಬರೂ ಅಂಗಡಿಯಲ್ಲಿ ಒಂದೇ ಡಬ್ಬಿಯಿಂದ ರೊಟ್ಟಿ ತಿಂದು ಬಂದು, ಮನೆಯೊಳಗೆ ಕಾಲಿಟ್ಟ ಕೂಡಲೇ ಮೂಕರಾಗುತ್ತಿದ್ದರು. ತಂತಿಯ ಮೇಲೆ ಹತ್ತು ಗಂಟೆಯ ತನಕ ಅವರ ಬಟ್ಟೆ, ಹತ್ತರ ಮೇಲೆ ನಮ್ಮದು. ಹೇಳದೇ ಆದ ಟ್ರೀಟಿ. ನನ್ನ ಮಗಳು ಮಾತ್ರ ಯಾವ ಬಾರ್ಡರೂ ಇಲ್ಲದೆ ಓಡಾಡುತ್ತ ಅವರ ತೊಡೆಯ ಮೇಲೆಯೇ ಬೆಳೆದಳು. ಪ್ರತಿ ದಸರೆಗೆ ಅವಳ ಕೈಯಲ್ಲಿ ಬನ್ನಿ ಕೊಟ್ಟು ಕಳಿಸುತ್ತಿದ್ದೆ. ಅವರು ಕೂಸಿನ ಪಾಲಿನದನ್ನು ತೆಗೆದುಕೊಂಡು, ನನ್ನ ಪಾಲಿನದನ್ನು ಕಿಟಕಿಯ ಮೇಲೆ ಇಟ್ಟುಬಿಡುತ್ತಿದ್ದರು. ಅದು ಅಲ್ಲೇ ಒಣಗುತ್ತಿತ್ತು.

ಎಂಟನೆಯ ವರ್ಷದ ದೀಪಾವಳಿ ಮುಗಿದ ಮೇಲೆ ಗಾದಿ ಕಾಕಾ ಬಂದರು. ಹಳೆಯ ಗಾದಿ ಬಿಚ್ಚಿ, ಒಳಗಿನ ಅರಳೆ ಹಿಂಜಿ, ಮತ್ತೆ ತುಂಬಿ ಹೊಲಿಯುವುದು ಅವರ ಕೆಲಸ. ತಲೆಗೆ ಬಿಳಿ ಟೋಪಿ, ಹೆಗಲಿಗೆ ಅರಳೆ ಹಿಂಜುವ ಆಳೆತ್ತರದ ಬಿಲ್ಲು. ಎರಡು ವರ್ಷಕ್ಕೊಮ್ಮೆ ಚಳಿ ಬೀಳುವ ಮುಂಚೆ ಅವರ ಬಿಲ್ಲಿನ ಟಂಯ್ ಟಂಯ್ ಓಣಿಯ ತಿರುವಿನಲ್ಲಿ ಕೇಳಿಸುತ್ತಿತ್ತು. ನಮ್ಮಲ್ಲಿ ಅವರಿಗೆ ಎರಡು ಮನೆಯಿಂದಲೂ ಬೇರೆ ಬೇರೆ ಚಹಾ. ಒಬ್ಬರದು ಕುಡಿದು ಇನ್ನೊಬ್ಬರದು ಬಿಡುವಂತಿಲ್ಲ. “ನಿಮ್ಮ ಜಗಳದಾಗ ನನ್ನ ಹೊಟ್ಟಿ ಹಾಳಾತ್ರಿ” ಎಂದು ಗೊಣಗುತ್ತ ಎರಡನ್ನೂ ಕುಡಿಯುತ್ತಿದ್ದರು.

ಅವತ್ತು ಹಿತ್ತಲಿನಲ್ಲಿ ಎರಡು ರಾಶಿ ಅರಳೆ. ಈ ಕಡೆ ನನ್ನದು, ಆ ಕಡೆ ಅವರದು. ಒಲೆಯ ಮೇಲಿನ ಹಾಲು ನೋಡಿ ನಾನು ಹೊರಗೆ ಬರುವಷ್ಟರಲ್ಲಿ ಅಲ್ಲಿ ಒಂದೇ ರಾಶಿ.

“ಅಕ್ಕಾರ, ಸಣ್ಣ ಬಾಯಾರ, ಇಬ್ರೂ ಒಂದೀಟ ಹೊರಗ ಬರ್ರಿ. ತಪ್ಪಾಗೇತಿ” ಎಂದರು ಕಾಕಾ. “ಗಾಳಿ ಬಂತ್ರಿ. ಎರಡೂ ಮನಿ ಅರಳಿ ಕೂಡಿಬಿಟ್ಟಾವು.”

“ಎಲ್ಲಿ ಗಾಳಿ ಬಂತ್ರಿ ಕಾಕಾ? ನನ್ನ ಸೆರಗ ಸೈತ ಹಾರಿಲ್ಲ” ಎಂದರು ಅಕ್ಕನವರು.

“ನಿಮ್ಮ ಸೆರಗಿಗೂ ನಿಮ್ಮ ಹಟಾನ ಹತ್ತೇತ್ರಿ ಅಕ್ಕಾರ. ಅಲ್ಲಾಡಂಗಿಲ್ಲ.”

ನಾನು ನಕ್ಕುಬಿಟ್ಟೆ. ಅದು ಅವರಿಗೆ ಸೇರಲಿಲ್ಲ.

“ಕಾಕಾ, ಆಕಿಗೆ ಹೇಳ್ರಿ, ನಂದು ಅಮ್ಮಿನಬಾವಿ ಹೊಲದ ಅರಳಿ. ಆಕೀ ಗಾದ್ಯಾಗ ಏನ ತುಂಬ್ಯಾರೋ ಆ ದೇವರಿಗೇ ಗೊತ್ತು.”

“ಕಾಕಾ, ಅಕ್ಕಾರಿಗೆ ಹೇಳ್ರಿ, ಅದು ನನ್ನ ತವರಮನಿ ಗಾದಿ. ನಮ್ಮಪ್ಪ ಮುಂದ ನಿಂತು ತುಂಬಿಸ್ಯಾರ.”

“ಹೌದೌದು, ತವರಮನಿ! ಹಿರೇರ ಮುಂದ ಕೈ ಚಾಚಿ ಬನ್ನಿ ಬೇಡೂದು ಆ ತವರಮನ್ಯಾಗ ಕಲಿಸಿದ್ರೇನು ಕೇಳ್ರಿ ಕಾಕಾ.”

ಕಾಕಾ ನಡುವೆ ಇದ್ದದ್ದು ನನಗೆ ಮರೆತೇಹೋಯಿತು. “ನಾ ಯಾವಾಗ ಬೇಡೇನ್ರಿ ಬನ್ನಿ?” ಎಂದೆ. ಎಂಟು ವರ್ಷದಲ್ಲಿ ಅವರಿಗೆ ನಾನು ನೇರವಾಗಿ ಆಡಿದ ಮೊದಲ ಮಾತು ಅದು.

“ಬೇಡಲಿಲ್ಲೇನ? ನಾ ಬಾಗಲದಾಗ ನಿಂತೇನಿ, ನೀ ರಾಣಿ ಕುಂತಾಂಗ ಕುಂತು, ಕೈ ಮುಂದ ಮಾಡಿ, ಬನ್ನಿ, ಬನ್ನಿ ಅಂತ ಎರಡ ಸಲ ಅಂದಿ. ನೀ ಗಿಡಕ್ಕ ಹೋಗಾಕ ಆಗಂಗಿಲ್ಲ, ನನಗ ಕೊಡಾಕ ನಿನ್ನ ಕೈಯಾಗ ಏನರೆ ಇರಲಿ ಅಂತ ನಾನ ಸೆರಗಿನ ಗಂಟಿನ್ಯಾಗ ಎಲಿ ಕಟ್ಟಿಕೊಂಡು ಬಂದಿದ್ನಿ. ಬಿಚ್ಚಾಕೂ ಬಿಡಲಿಲ್ಲ ನೀ.”

ನಳದ ಕಟ್ಟೆಯ ಮೇಲೆ ಕುಳಿತೆ. “ಅಕ್ಕಾರ, ನಾ ಅಂದದ್ದು ಬರ್ರಿ ಅಂತ. ಒಳಗ ಬರ್ರಿ ಅಂತ ಕರದೇನ್ರಿ.”

“ಬರ್ರಿ ಅನ್ನಾಕ ಬಾಯಿಗೆ ಏನಾಗಿತ್ತು?”

ಅಷ್ಟರಲ್ಲಿ ಕಾಕಾ ಬಿಲ್ಲು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಗತೊಡಗಿದ್ದರು. “ಅಕ್ಕಾರ, ಖರೇ ಅದರಿ. ನಾ ಒಂದ ವರ್ಷ ಮೈಸೂರ ಕಡೆ ಗಾದಿ ಕೆಲಸಕ್ಕ ಹೋಗಿದ್ನಿ. ಬಾಗಲದಾಗ ನಿಂತ್ರ ಸಾಕು, ಬನ್ನಿ ಬನ್ನಿ ಅನ್ನೋರು. ಎಪ್ಪಾ, ಈ ಊರಾಗ ದಿನಾ ದಸರಾ ಐತೆಲ್ಲ ಅಂದ್ಕೊಂಡೆ. ಮೂರನೇ ದಿನ ಊರೆಲ್ಲ ತಿರುಗಿ, ಗಿಡ ಹುಡುಕಿ, ಒಂದ ಹೊರಿ ಬನ್ನಿ ಕಡಕೊಂಡು ಹೋದ್ನಿರಿ. ಆ ಅಮ್ಮಾರು ನೋಡಿ ಏನಂದ್ರು ಗೊತ್ತೇನ್ರಿ? ಇದ್ಯಾಕಪ್ಪಾ, ನಾವು ಆಡು ಸಾಕಿಲ್ವಲ್ಲ, ಅಂದ್ರು!”

ಮೊದಲು ಅಕ್ಕನವರ ಮೂಗು ಅದುರಿತು. ಆಮೇಲೆ ಭುಜ. ಆಮೇಲೆ ಅವರು ಅರಳೆಯ ರಾಶಿಯ ಮೇಲೇ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಎದ್ದಾಗ ತಲೆತುಂಬ, ಹುಬ್ಬಿನ ಮೇಲೆಲ್ಲ ಅರಳೆ. ಒಂದೇ ಕ್ಷಣದಲ್ಲಿ ಮುದುಕಿಯಾದ ಹಾಗೆ ಕಂಡರು. ನಾನು ಹೋಗಿ ಕಾಲಿಗೆ ಬಿದ್ದೆ. ಕೈಯಲ್ಲಿ ಬನ್ನಿ ಇರಲಿಲ್ಲ, ದಸರೆ ಮುಗಿದು ತಿಂಗಳಾಗಿತ್ತು. ಅವರು ಒಂದು ಹಿಡಿ ಅರಳೆಯನ್ನು ನನ್ನ ಕೈಗೆ ತುರುಕಿ, “ಸದ್ಯ ಇದನ್ನ ಕೊಡು” ಎಂದರು.

ಕಾಕಾ ಹೊರಡುವಾಗ, ಈ ಗಾದಿ ಇನ್ನು ಎಷ್ಟು ವರ್ಷ ಬರುತ್ತವೆ ಎಂದು ಕೇಳಿದೆ. ಜೀವಮಾನವಿಡೀ ಎಂದು ಹೇಳಲಿ ಎಂಬ ಆಸೆ.

“ಮಲಗಿದ್ರ ಗಂಟ ಆಗೂದರಿ ಬಾಯಾರ. ಯಾರೂ ಮಲಗಲಿಲ್ಲಂದ್ರ ಆಗಂಗಿಲ್ಲ” ಎಂದರು. “ಎರಡ ವರ್ಷಕ್ಕ ಬರ್ತೇನಿ ತಗೋರಿ. ಈ ಸಲದಿಂದ ಒಂದ ಚಹಾ ಮಾಡ್ರಿ.”

ಆ ವಾರವೇ ಇರಬೇಕು, ಟಿವಿಯಲ್ಲಿ ಜರ್ಮನಿಯ ಗೋಡೆ ಒಡೆಯುವುದನ್ನು ತೋರಿಸಿದರು. ಅಕ್ಕನವರು ಒಂದು ಬುಟ್ಟಿ ಚುರುಮುರಿ ಗಿರಮಿಟ್ ಕಲಸಿಕೊಂಡು ನಮ್ಮ ಪಾಲಿಗೆ ಬಂದರು. ಎಲ್ಲರೂ ನೆಲದ ಮೇಲೆ ಕೂತೆವು. ಹುಡುಗರು ಗೋಡೆ ಹತ್ತುವುದು, ಸುತ್ತಿಗೆಯಿಂದ ಹೊಡೆಯುವುದು, ಗುರುತಿಲ್ಲದವರು ಅಪ್ಪಿಕೊಂಡು ಅಳುವುದು. ನಾನೂ ಅತ್ತೆ. ಸಿಸ್ಟರ್, ನೋಡಿದಿರಾ, ನನ್ನ ಕಟ್ಟಡ ಏಳುತ್ತಿದೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ನಮ್ಮವರು, “ಇನ್ನ ಮಿಲಿಟ್ರಿಯವರಿಗೆ ಏನ ಕೆಲಸ ಉಳಿತು?” ಎಂದರು. ಹಾಗೆಯೇ ಅನ್ನಿಸುತ್ತಿದ್ದ ಕಾಲ ಅದು. ಪೇಪರ್ ಬಿಡಿಸಿದರೆ ದಿನಾ ಎಲ್ಲೋ ಯಾರೋ ಕೈಕುಲುಕುವ ಫೋಟೋ. ಅಕ್ಕನವರು ಮಾತ್ರ ಗಿರಮಿಟ್ ಅಗಿಯುವುದನ್ನು ನಿಲ್ಲಿಸಿ, “ಆ ಕಲ್ಲೆಲ್ಲಾ ಯಾರ ಒಯ್ತಾರ?” ಎಂದು ಕೇಳಿದರು.

“ನೆನಪಿಗಂತ ಇಟ್ಕೋತಾರ್ರಿ ಅಕ್ಕಾರ.”

“ಛಲೋ ಕಲ್ಲ ಅದಾವು, ಯಾರೂ ಚೆಲ್ಲಂಗಿಲ್ಲ. ಮತ್ತೆಲ್ಲರೆ ಕಟ್ಟಾಕ ಬರ್ತಾವು ನೋಡು.”

ಈಗ ಟಿವಿ ಹಚ್ಚಿದರೆ ಅವರ ಮಾತೇ ನೆನಪಾಗುತ್ತದೆ. ಊರಿಗೆ ಊರು ಧೂಳಾಗಿ ಬೀಳುವುದನ್ನು ಚಹಾ ಕುಡಿಯುತ್ತ ನೋಡುತ್ತೇವೆ. ಮೇಲಿನ ಮನೆಯಲ್ಲಿರುವ ಮಗಳು ಇಳಿದು ಬಂದು, “ಮಮ್ಮಿ, ಚಾನೆಲ್ ಬದಲಿ ಮಾಡು, ಬಿಪಿ ಏರ್ತೈತಿ” ಎನ್ನುತ್ತಾಳೆ. ಬದಲಿಸುತ್ತೇನೆ. ಬೇರೆ ಚಾನೆಲ್‌ನಲ್ಲಿ ಬೇರೆ ಊರು.

ನಮ್ಮ ಶಾಂತಿ ಮಾತ್ರ ಉಳಿದಿತ್ತು. ಇದೇ ನನ್ನ ಗರ್ವ. ಹಾಗೆಂದು ಗಂಟಾಗಲಿಲ್ಲವೆಂದಲ್ಲ. ಉಪ್ಪಿನಕಾಯಿಯ ಭರಣಿಗೆ ಜಗಳವಾಡಿದೆವು, ಅವರ ಮಗನ ಮದುವೆಯ ಸೀರೆಯ ಬಣ್ಣಕ್ಕೆ ಆಡಿದೆವು. ಆದರೆ ಮಾತು ಬಿಡಲಿಲ್ಲ. ಪ್ರತಿ ದಸರೆಗೆ ನಾನೇ ಎಲೆ ಒಯ್ದು ಕೊಟ್ಟೆ, ಅವರು ಪ್ರತಿ ಸಲ ಬಾಗಿಲಲ್ಲೇ ನಿಲ್ಲಿಸಿ, “ಏನಂತ ಕರೀಬೇಕ ನಿನ್ನ? ಬರ್ರಿ ಅನ್ಲೋ, ಬನ್ನಿ ಅನ್ಲೋ?” ಎಂದು ಕಾಡಿದರು. ಅಣ್ಣ ತಮ್ಮ ಇಬ್ಬರೂ ಎರಡು ವರ್ಷದ ಅಂತರದಲ್ಲಿ ಹೋದಾಗಲೂ ಹಿತ್ತಲಿನ ಅದೇ ಕಟ್ಟೆಯ ಮೇಲೆ ಕುಳಿತು ಒಬ್ಬರ ಕಣ್ಣು ಒಬ್ಬರು ಒರೆಸಿದೆವು. ಗಾದಿ ಕಾಕಾ ಬರುವುದು ಎಂದೋ ನಿಂತಿತು. ಈಗ ಫೋಮಿನ ಹಾಸಿಗೆ, ಅದನ್ನು ಹಿಂಜಲು ಬರುವುದಿಲ್ಲ.

ಒಂದೆರಡು ವರ್ಷದಿಂದ ಅಕ್ಕನವರಿಗೆ ಮರೆವು. ಮೊದಲು ಕನ್ನಡಕ ಇಟ್ಟ ಜಾಗ, ಆಮೇಲೆ ವಾರಗಳ ಹೆಸರು, ಆಮೇಲೆ ಮೊಮ್ಮಕ್ಕಳು. ಹೊಸದು ಮೊದಲು ಅಳಿಸುತ್ತದೆ, ಹಳೆಯದು ತಡವಾಗಿ ಎಂದು ಡಾಕ್ಟರು ಹೇಳಿದರು. ಅದರ ಅರ್ಥ ನನಗೆ ಆದದ್ದು ಈ ವರ್ಷದ ದಸರೆಗೆ. ಬನ್ನಿ ಹಿಡಿದು ಹಿತ್ತಲು ದಾಟುತ್ತಿದ್ದೆ. ಅವರ ಸೊಸೆ ಅಡ್ಡ ಬಂದು ಮೆಲ್ಲಗೆ, “ಸಣ್ಣತ್ತಿಯಾರ, ಸಿಟ್ಟಾಗಬ್ಯಾಡ್ರಿ. ನಮ್ಮತ್ತಿಯಾರು ಎರಡ ದಿನದಿಂದ ನಿಮ್ಮ ಜೋಡಿ ಮಾತು ಬಿಟ್ಟಾರಂತ” ಎಂದಳು.

ಒಳಗೆ ಹೋದೆ. ಅವರು ಗೋಡೆಯ ಕಡೆ ಮುಖ ಮಾಡಿದರು. “ಆಕಿ ಯಾಕ ಬಂದ್ಲು? ಹಿರೇರ ಕಡಿಂದ ಕೈ ಚಾಚಿ ಬನ್ನಿ ಬೇಡಿದಾಕಿ.”

ಮೂವತ್ತೈದು ವರ್ಷ ಅಳಿಸಿಹೋಗಿತ್ತು. ಉಳಿದದ್ದು ಆ ಎಂಟು ವರ್ಷ.

ನನಗೆ ಇನ್ನು ಬೇಕಾದದ್ದು ಒಂದೇ. ಅವರು ಕಣ್ಣು ಮುಚ್ಚುವಾಗ ಅವರ ತಲೆಯಲ್ಲಿ ನಾನು ಬನ್ನಿ ಬೇಡಿದವಳಾಗಿ ಉಳಿಯಬಾರದು. ಮಂಚದ ಅಂಚಿಗೆ ಕೂತು, ಬೆನ್ನಿಗೇ ಎಲ್ಲವನ್ನೂ ಹೇಳಿದೆ. ಬೆಡ್ ರೆಸ್ಟು, ಸಿಸ್ಟರು, ಬೆಂಚು, ಕಾಕಾ, ಮೈಸೂರು, ಒಂದು ಹೊರೆ ಸೊಪ್ಪು, ಆಡು. ಆಡಿನ ಹತ್ತಿರ ಬಂದಾಗ, ಓರೆಯಾಗಿ ಕಾಣುತ್ತಿದ್ದ ಅವರ ಮೂಗು ಅದುರಿತು. ಆಮೇಲೆ ಭುಜ. ತಿರುಗಿ ನನ್ನ ಕೈಯಿಂದ ಎಲೆ ತೆಗೆದುಕೊಂಡು, “ಬಂಗಾರದಂಗ ಇರೋಣು ತಗೋ” ಎಂದರು. ಗೆದ್ದೆ ಎಂದುಕೊಂಡು ಮನೆಗೆ ಬಂದೆ. ಮರುದಿನ ಹೋದರೆ ಮತ್ತೆ ಗೋಡೆಯ ಕಡೆ ಮುಖ.

ಅಂದಿನಿಂದ ದಿನಾ ಹತ್ತು ಗಂಟೆಗೆ ಹೋಗುತ್ತೇನೆ. ಒಂದು ಚೀಲ ಬನ್ನಿ ತರಿಸಿ ಇಟ್ಟಿದ್ದೇನೆ. “ಇವತ್ತ ದಸರಾ ಏನ?” ಎಂದು ಕೇಳುತ್ತಾರೆ. “ಹೌದ್ರಿ” ಎನ್ನುತ್ತೇನೆ. ದಿನಾ ದಸರಾ ಎಂದು ಕಾಕಾ ಅಂದದ್ದು ನಮ್ಮ ಮನೆಯಲ್ಲೇ ನಿಜವಾಗಿದೆ. ಕೆಲವು ದಿನ ಆಡು ಬರುವ ಮೊದಲೇ ನಗುತ್ತಾರೆ, ಕೆಲವು ದಿನ ನಗುವುದೇ ಇಲ್ಲ, ಎಲೆ ಕಿಟಕಿಯ ಮೇಲೆ ಹೋಗುತ್ತದೆ. ನಿನ್ನೆ ಒಪ್ಪಿದರು ಎಂಬುದು ಇವತ್ತಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಮಗಳು ಕೇಳಿದಳು, “ಮಮ್ಮಿ, ಅವರಿಗೆ ನೆನಪ ಇರಂಗಿಲ್ಲ, ಏನ ಉಪಯೋಗ?” ಅವತ್ತು ಅವರು ನಕ್ಕಿದ್ದರು ಎಂದಷ್ಟೇ ಹೇಳಿದೆ.

ನಿನ್ನೆ ಚೀಲ ಖಾಲಿಯಾಗಿತ್ತು. ಒಂದು ಎಲೆಯೂ ಇರಲಿಲ್ಲ. ಬರಿಗೈಯಲ್ಲಿ ಹೋಗಿ ಬಾಗಿಲಲ್ಲಿ ನಿಂತೆ. ಅವರು ತಲೆದಿಂಬಿಗೆ ಆತು ಕುಳಿತಿದ್ದರು. ನನ್ನನ್ನು ನೋಡಿದರು. ಆಮೇಲೆ ಬಲಗೈ ಚಾಚಿ, ಅಂಗೈ ಮೇಲೆ ಮಾಡಿ, ಅಂದರು, “ಬನ್ನಿ.”

ಒಳಗೆ ಕರೆದರೋ, ಎಲೆ ಕೇಳಿದರೋ, ನನ್ನನ್ನೇ ಅಣಕಿಸಿದರೋ ತಿಳಿಯಲಿಲ್ಲ. ಕಾಲು ತಾನಾಗಿ ನಡೆಯಿತು. ಹೋಗಿ ಆ ಅಂಗೈಯಲ್ಲಿ ನನ್ನ ಬರಿಗೈ ಇಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು, ಬೆರಳ ಸಂದಿಯನ್ನೂ ನೋಡಿದರು.

“ಖಾಲಿ ಕೈಲೆ ಬಂದೀಯೇನ, ಕಾನ್ವೆಂಟ್ ಬಾಯಿ?” ಎಂದರು. ಕೈ ಬಿಡಲಿಲ್ಲ. “ಇರಲಿ, ಕೂಡು. ಚಹಾ ಕುಡದ ಹೋಗು. ನಾಳಿ ತಗೊಂಡ ಬಾ. ಮರೀಬ್ಯಾಡ ಮತ್ತ.”